ಐ7 ಇದ್ದರೂ 8 ಜಿಬಿ ಬೆಸುಗೆ: ಮಗಳ ಇಂಜಿನಿಯರಿಂಗ್‌ಗೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?

ಸಾಗರದ ಟೀಚರ್

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೈಸೂರಿನಲ್ಲಿ ಇನ್ಫಾರ್ಮೇಶನ್ ಸೈನ್ಸ್ ಸೀಟು ಸಿಕ್ಕಿದೆ. ಮುಂದಿನ ತಿಂಗಳು ಹಾಸ್ಟೆಲ್‌ಗೆ ಬಿಟ್ಟು ಬರಬೇಕು. ಅಷ್ಟರೊಳಗೆ ಒಂದು ಲ್ಯಾಪ್‌ಟಾಪ್ ಆಗಬೇಕು. ಬಜೆಟ್ 60 ಸಾವಿರ. ತೀರಾ ಅಗತ್ಯ ಅಂದರೆ ಇನ್ನೊಂದು ಎರಡು ಮೂರು ಸಾವಿರ ಸೇರಿಸಬಹುದು.

ಇಲ್ಲಿ ಕೇಳೋದಕ್ಕೆ ಕಾರಣ ಇದೆ. ಮೂರು ವರ್ಷದ ಹಿಂದೆ ಅಣ್ಣನ ಮಗನಿಗೆ ನಾನೇ ಮುಂದೆ ನಿಂತು ಲ್ಯಾಪ್‌ಟಾಪ್ ಕೊಡಿಸಿದ್ದೆ. ಐ7 ಪ್ರೊಸೆಸರ್ ಇದೆ, ಐದಾರು ವರ್ಷ ಚಿಂತೆ ಇಲ್ಲ ಎಂದು ಅಂಗಡಿಯವರು ಹೇಳಿದ್ದರು. ಎರಡನೇ ವರ್ಷಕ್ಕೇ ಅದು ಸುಸ್ತಾಯಿತು. ಕ್ರೋಮ್‌ನಲ್ಲಿ ಹತ್ತು ಟ್ಯಾಬ್ ಇಟ್ಟುಕೊಂಡು ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ತೆರೆದರೆ ಮೌಸ್ ಬಾಣ ಕೂಡ ನಿಂತು ನಿಂತು ಹೋಗುತ್ತದೆ. ರ‍್ಯಾಮ್ ಜಾಸ್ತಿ ಮಾಡಿಸೋಣ ಎಂದು ಒಯ್ದೆವು. ರಿಪೇರಿಯವರು ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿದರು. ರ‍್ಯಾಮ್ ಸಿಕ್ಕಿಸುವ ಜಾಗವೇ ಇಲ್ಲ. ಕಪ್ಪು ಚಿಪ್‌ಗಳು ಸಾಲಾಗಿ ಬೋರ್ಡಿಗೇ ಬೆಸುಗೆಯಾಗಿವೆ. ಅಣ್ಣ ಏನೂ ಅನ್ನಲಿಲ್ಲ, ಆದರೆ ಅವತ್ತು ನನಗೆ ತುಂಬಾ ಬೇಜಾರಾಯಿತು. ಮಗಳ ವಿಷಯದಲ್ಲಿ ಮತ್ತೆ ಹಾಗಾಗಬಾರದು.

ಈಗ ಮೂರು ನೋಡಿದ್ದೇವೆ. ಒಂದು, ಐ7-1355ಯು, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 14 ಇಂಚು, ತೆಳ್ಳಗೆ ಚೆನ್ನಾಗಿದೆ, 62,000. ಇನ್ನೊಂದು, ಐ5-1334ಯು, ಅದಕ್ಕೂ 8 ಜಿಬಿ, 512 ಜಿಬಿ, 15.6 ಇಂಚು, ಸ್ವಲ್ಪ ದಪ್ಪ, 53,000. ಮೂರನೆಯದು ರೈಜೆನ್ 5 7520ಯು ಪ್ರೊಸೆಸರಿನದು, 16 ಜಿಬಿ, 512 ಜಿಬಿ, 48,000. ಅಂಗಡಿಯವರು ಮೊದಲನೆಯದನ್ನೇ ಹೇಳುತ್ತಿದ್ದಾರೆ. ನನಗೆ 16 ಜಿಬಿ ಇರುವ ಮೂರನೆಯದರ ಮೇಲೆ ಕಣ್ಣು. ಸರಿಯೋ ತಪ್ಪೋ ತಿಳಿದವರು ಹೇಳಿ.

ರಿಪೇರಿ ಬೆಂಚು, ಶಿವಮೊಗ್ಗ

ಮೇಡಂ, ನಮಸ್ಕಾರ. ನಿಮ್ಮ ಅಣ್ಣನ ಮಗನ ಲ್ಯಾಪ್‌ಟಾಪಿನಂಥದ್ದು ನನ್ನ ಟೇಬಲ್‌ಗೆ ವಾರಕ್ಕೆ ಒಂದಾದರೂ ಬರುತ್ತದೆ. ಪ್ರೊಸೆಸರ್ ಚೆನ್ನಾಗಿಯೇ ಇರುತ್ತದೆ. ವಿಂಡೋಸ್ 11 ಆನ್ ಆಗಿ ಸುಮ್ನೆ ಕೂತಾಗಲೇ ಮೂರು ನಾಲ್ಕು ಜಿಬಿ ತಿಂದಿರುತ್ತದೆ. ಉಳಿದದ್ದು ಕ್ರೋಮ್‌ಗೆ ಹೋಯಿತು. ಆಮೇಲೆ ರ‍್ಯಾಮ್‌ನಲ್ಲಿ ಜಾಗ ಸಾಲದೆ ವಿಂಡೋಸ್ ಎಸ್‌ಎಸ್‌ಡಿಯನ್ನೇ ರ‍್ಯಾಮ್ ಥರ ಬಳಸಲು ಶುರು ಮಾಡುತ್ತದೆ. ಎಸ್‌ಎಸ್‌ಡಿ ಎಷ್ಟೇ ಚುರುಕಾಗಿದ್ದರೂ ರ‍್ಯಾಮ್‌ಗೆ ಸಮ ಅಲ್ಲ. ಬಾಣ ನಿಂತು ನಿಂತು ಹೋಗುವುದು ಅದಕ್ಕೇ.

ಆ ಹುಡುಗನಿಗೆ ಒಂದು ಮಾತು ಹೇಳಿ. ಆಂಡ್ರಾಯ್ಡ್ ಸ್ಟುಡಿಯೋ ಒಳಗಿನ ಎಮ್ಯುಲೇಟರ್, ಅಂದರೆ ಪರದೆ ಮೇಲೆ ಬರುವ ನಕಲಿ ಫೋನ್, ಬಿಟ್ಟುಬಿಡಲಿ. ಫೋನ್‌ನಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕೇಬಲ್ ಸಿಕ್ಕಿಸಿ, ಆ್ಯಪ್ ಅನ್ನು ನೇರವಾಗಿ ಫೋನಿನಲ್ಲೇ ಓಡಿಸಲಿ. ದೊಡ್ಡ ಭಾರ ಇಳಿಯುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಭಾಗದಲ್ಲಿ ಬೇಡದ್ದನ್ನೆಲ್ಲ ನಿಲ್ಲಿಸಲಿ. ಕೋರ್ಸ್ ಮುಗಿಯುವವರೆಗೆ ತಳ್ಳಬಹುದು.

ಈಗ ನಿಮ್ಮ ಮೂರರ ಬಗ್ಗೆ.

ಐ7-1355ಯು ಮತ್ತು ಐ5-1334ಯು ಎರಡನ್ನೂ ಅಕ್ಕಪಕ್ಕ ಇಡಿ. ಎರಡರಲ್ಲೂ ಎರಡು ದೊಡ್ಡ ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಚಿಕ್ಕ ಕೋರ್. ಎರಡರಲ್ಲೂ 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ), 12 ಎಂಬಿ ಕ್ಯಾಶ್ (ಪ್ರೊಸೆಸರ್ ಒಳಗಿನ ಚಿಕ್ಕ ಮೆಮೊರಿ). ಗರಿಷ್ಠ ವೇಗ ಒಂದಕ್ಕೆ 5.0 ಗಿಗಾಹರ್ಟ್ಸ್, ಇನ್ನೊಂದಕ್ಕೆ 4.6. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್, ಅಂದರೆ ಪರದೆಗೆ ಚಿತ್ರ ಕೊಡುವ ಭಾಗ, ಐ7ನಲ್ಲಿ ಸ್ವಲ್ಪ ಜಾಸ್ತಿ. ಅಷ್ಟೇ. ನಿಮ್ಮ ಮಗಳು ಸಿ, ಪೈಥಾನ್, ಜಾವಾ ಬರೆಯುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಹೆಸರಿನ ಕೊನೆಯಲ್ಲಿ 'ಯು' ಇದೆಯಲ್ಲ, ಅದು ಕಡಿಮೆ ವಿದ್ಯುತ್ ಎಳೆಯುವ ಜಾತಿ. 'ಎಚ್' ಇದ್ದರೆ ಜಾಸ್ತಿ ಶಕ್ತಿ, ಜಾಸ್ತಿ ಬಿಸಿ. ಐ5, ಐ7 ಅನ್ನುವ ಅಂಕಿಗಿಂತ ಈ ಕೊನೆಯ ಅಕ್ಷರವೇ ಹೆಚ್ಚು ವಿಷಯ ಹೇಳುತ್ತದೆ.

ರೈಜೆನ್‌ನಲ್ಲಿ ಮೋಸಹೋಗುವ ಜಾಗ ಬೇರೆ. 7520ಯು ಅಂದರೆ ಮೊದಲ ಅಂಕಿ 7 ನೋಡಿ ಹೊಸದು ಅಂದುಕೊಳ್ಳುತ್ತೇವೆ. ಆ 7 ಮಾರುಕಟ್ಟೆಯ ವರ್ಷವನ್ನು ಮಾತ್ರ ಹೇಳುತ್ತದೆ. ಮೂರನೆಯ ಅಂಕಿ ನೋಡಬೇಕು. ಇಲ್ಲಿ ಅದು 2, ಅಂದರೆ ಜೆನ್ 2. ಆ ವಿನ್ಯಾಸ ಬಂದದ್ದು 2019ರಲ್ಲಿ. ಕೋರ್ ನಾಲ್ಕೇ. ಅದೇ 7530ಯು ಆಗಿದ್ದರೆ ಮೂರನೆಯ ಅಂಕಿ 3, ಜೆನ್ 3, ಆರು ಕೋರ್, 12 ಥ್ರೆಡ್. ಒಂದು ಅಂಕಿಯಲ್ಲಿ ಇಷ್ಟು ವ್ಯತ್ಯಾಸ! 7520ಯು ಜೊತೆ ಬರುವುದು ಎಲ್‌ಪಿಡಿಡಿಆರ್5 ರ‍್ಯಾಮ್, ಅದೂ ಬೆಸುಗೆಯದ್ದೇ. ಆದರೆ 16 ಜಿಬಿ ಇರುವುದರಿಂದ ಕೆಟ್ಟ ಆಯ್ಕೆ ಅನ್ನಲಾರೆ. ಬಜೆಟ್ 50 ಸಾವಿರದ ಒಳಗೆ ಇದ್ದಿದ್ದರೆ ಅದನ್ನೇ ತಗೊಳ್ಳಿ ಅನ್ನುತ್ತಿದ್ದೆ.

ನನ್ನ ಮಟ್ಟಿಗೆ ಎರಡನೆಯದು. ಒಂದೇ ಷರತ್ತು: ಅದರಲ್ಲಿ ರ‍್ಯಾಮ್ ಸ್ಲಾಟ್ ಖಾಲಿ ಇರಬೇಕು. ಅಂಗಡಿಯವರ ಬಾಯಿಮಾತು ಸಾಲದು, ನೀವೇ ನೋಡಿ. ಡೆಮೊ ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಬಲಗಡೆ ಕೆಳಗೆ 'ಫಾರ್ಮ್ ಫ್ಯಾಕ್ಟರ್' ಅಂತ ಇರುತ್ತದೆ. ಅಲ್ಲಿ 'ಎಸ್ಓಡಿಮ್' ಇದ್ದರೆ ತೆಗೆದು ಹಾಕುವ ರ‍್ಯಾಮ್ ಕಡ್ಡಿ. 'ರೋ ಆಫ್ ಚಿಪ್ಸ್' ಇದ್ದರೆ ಬೆಸುಗೆ. ಅದರ ಮೇಲಿನ 'ಸ್ಲಾಟ್ಸ್ ಯೂಸ್ಡ್' ಒಂದನ್ನೇ ನೋಡಿ ನಂಬಬೇಡಿ. ಬೆಸುಗೆ ಚಿಪ್‌ಗಳನ್ನೂ ಅದು ಸ್ಲಾಟ್ ಎಂದೇ ಎಣಿಸುತ್ತದೆ.

ಬನಶಂಕರಿಯಿಂದ

ಒಂದು ಸಲಹೆ. ಇನ್ಫಾರ್ಮೇಶನ್ ಸೈನ್ಸ್ ಅಂದರೆ ಮುಂದೆ ಎಐ, ಮೆಶಿನ್ ಲರ್ನಿಂಗ್ ಇದ್ದೇ ಇರುತ್ತದೆ. ಸ್ವಲ್ಪ ಜಾಸ್ತಿ ಹಾಕಿ ಆರ್‌ಟಿಎಕ್ಸ್ 2050 ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಬಾರದಾ?

ಮೆಕ್ಯಾನಿಕಲ್, 6ನೇ ಸೆಮ್

ಟೀಚರ್, ನನ್ನ ಹತ್ತಿರ ಇರುವುದು ಗೇಮಿಂಗ್ ಲ್ಯಾಪ್‌ಟಾಪೇ. ನನಗೆ ಬೇಕಿತ್ತು, ತಗೊಂಡೆ. ಸಾಲಿಡ್‌ವರ್ಕ್ಸ್‌ನಲ್ಲಿ ಬಹಳ ಭಾಗ ಜೋಡಿಸಿದ ದೊಡ್ಡ ಯಂತ್ರದ ಚಿತ್ರ ತಿರುಗಿಸುವಾಗ ಗ್ರಾಫಿಕ್ಸ್ ಕಾರ್ಡ್ ಸಹಾಯಕ್ಕೆ ಬರುತ್ತದೆ. ಆದರೆ ಚಾರ್ಜರ್ ಸೇರಿ ಮೂರು ಕೆಜಿ ಹತ್ತಿರ ದಿನಾ ಬೆನ್ನ ಮೇಲೆ. ಕ್ಲಾಸಿನಲ್ಲಿ ಪ್ಲಗ್ ಸಿಗದ ಬೆಂಚಾದರೆ ಮಧ್ಯಾಹ್ನಕ್ಕೆ ಬ್ಯಾಟರಿ ಖಾಲಿ.

2050ರಲ್ಲಿ ಇರುವುದು 4 ಜಿಬಿ ಗ್ರಾಫಿಕ್ಸ್ ಮೆಮೊರಿ. ದೊಡ್ಡ ಮಾಡೆಲ್‌ಗೆ ಅದು ಹೇಗೂ ಸಾಲದು. ನಮ್ಮ ಕಾಲೇಜಿನಲ್ಲಿ ಸಿಎಸ್, ಐಎಸ್‌ನವರು ಮೆಶಿನ್ ಲರ್ನಿಂಗ್ ಲ್ಯಾಬ್ ಕೆಲಸವನ್ನು ಗೂಗಲ್ ಕೊಲಾಬ್‌ನಲ್ಲಿ, ಅಂದರೆ ಬ್ರೌಸರ್ ಮೂಲಕ ಗೂಗಲ್‌ನ ಕಂಪ್ಯೂಟರಿನಲ್ಲಿ, ಮಾಡುತ್ತಾರೆ. ಮೊದಲ ವರ್ಷದ ಕ್ಯಾಡ್ ಡ್ರಾಯಿಂಗ್‌ಗೂ ಒಳಗಿನ ಗ್ರಾಫಿಕ್ಸ್ ಸಾಕು. ನಿಮ್ಮ ಮಗಳು ಮೆಕ್ಯಾನಿಕಲ್ ಅಥವಾ ಸಿವಿಲ್ ಆಗಿದ್ದರೆ ಬೇರೆಯೇ ಮಾತು ಹೇಳುತ್ತಿದ್ದೆ. ಹಾಗೆಯೇ ಆ ಎರಡು ಬ್ರಾಂಚಿನವರು ಮ್ಯಾಕ್‌ಬುಕ್ ಕಡೆ ಹೋಗಬೇಡಿ. ಸಾಲಿಡ್‌ವರ್ಕ್ಸ್, ಕಟ್ಟಡ ವಿನ್ಯಾಸದ ರೆವಿಟ್ ಎರಡೂ ವಿಂಡೋಸ್‌ಗೆ ಮಾತ್ರ.

ಸಾಗರದ ಟೀಚರ್

ಇವತ್ತು ಮಗಳನ್ನು ಕರೆದುಕೊಂಡು ಮತ್ತೆ ಅಂಗಡಿಗೆ ಹೋಗಿದ್ದೆ. ನೀವು ಹೇಳಿದ ಮೂರು ಕೀ ಅವಳೇ ಒತ್ತಿದಳು. ಐ7ನದರಲ್ಲಿ 'ರೋ ಆಫ್ ಚಿಪ್ಸ್'. ಐ5ನದರಲ್ಲಿ 'ಎಸ್ಓಡಿಮ್', ಎರಡು ಸ್ಲಾಟಿನಲ್ಲಿ ಒಂದು ಮಾತ್ರ ಬಳಕೆಯಲ್ಲಿದೆ, ವೇಗ 3200 ಎಂದಿತ್ತು. ಮಾರುವ ಹುಡುಗ ಕೂಡ ಬಗ್ಗಿ ನೋಡಿದ. ಇದು ಇಲ್ಲಿ ಗೊತ್ತಾಗುತ್ತೆ ಅಂತ ನನಗೇ ಗೊತ್ತಿರಲಿಲ್ಲ ಮೇಡಂ ಎಂದ.

ಪರದೆ ನೋಡುವುದು ಹೇಗೆ ಎಂದು ಯಾರೂ ಹೇಳಿರಲಿಲ್ಲ. ನಾನು ನನ್ನದೇ ಒಂದು ಉಪಾಯ ಮಾಡಿದೆ. ನೋಟ್‌ಪ್ಯಾಡ್ ತೆರೆದು 'ಲಕ್ಷ್ಮೀ', 'ಸ್ತ್ರೀ', 'ರಾಷ್ಟ್ರ' ಎಂದು ಸಣ್ಣ ಅಕ್ಷರದಲ್ಲಿ ಬರೆದು ನೋಡಿದೆ. ಐ7ನದರಲ್ಲಿ ಒತ್ತುಗಳು ಸ್ಪಷ್ಟವಾಗಿ ಕಂಡವು. ಐ5ನದರಲ್ಲೂ ಓದಬಹುದು, ಆದರೆ ಬೆಳಕು ಮಂಕು, ಬಣ್ಣ ಪೇಲವ. ಕಿಟಕಿ ಪಕ್ಕ ಇಟ್ಟರೆ ಇನ್ನೂ ಮಂಕು. ಇದೊಂದು ಮನಸ್ಸಿಗೆ ಕೊರೆಯುತ್ತಿದೆ.

ರಿಪೇರಿ ಬೆಂಚು, ಶಿವಮೊಗ್ಗ

ನಿಮ್ಮ ಒತ್ತಕ್ಷರದ ಪರೀಕ್ಷೆ ತುಂಬಾ ಚೆನ್ನಾಗಿದೆ ಮೇಡಂ. ಇನ್ನು ನಾನೂ ಗಿರಾಕಿಗಳಿಗೆ ಹಾಗೇ ತೋರಿಸುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ ಕಾಣದ ಮಸುಕು ನಮ್ಮ ಒತ್ತಿನಲ್ಲಿ ಕಾಣುತ್ತದೆ.

ಈ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಬೆಳಕು ಸಾಮಾನ್ಯವಾಗಿ 250 ನಿಟ್ಸ್ (ಬೆಳಕಿನ ಅಳತೆ), ಬಣ್ಣ 45 ಪರ್ಸೆಂಟ್ ಎನ್‌ಟಿಎಸ್‌ಸಿ (ಪರದೆ ತೋರಿಸುವ ಬಣ್ಣಗಳ ಅಳತೆ). ಫೋಟೋ, ಡಿಸೈನ್ ಕೆಲಸದವರಿಗೆ ಅದು ಆಗುವುದೇ ಇಲ್ಲ, ಅವರು ಅಂಥದ್ದೇ ಇನ್ನೊಂದು ಅಳತೆಯಲ್ಲಿ 100 ಪರ್ಸೆಂಟ್ ಎಸ್‌ಆರ್‌ಜಿಬಿ ಕೇಳಬೇಕು. ಕೋಡ್ ಬರೆಯಲು, ಪಿಡಿಎಫ್ ಓದಲು, ರೂಮಿನೊಳಗೆ ನಡೆಯುತ್ತದೆ. ಒಂದೇ ನೋಡಿ: ಪರದೆಯನ್ನು ಹಿಂದಕ್ಕೆ ಮುಂದಕ್ಕೆ ವಾಲಿಸಿದಾಗ ಬಣ್ಣ ಉಲ್ಟಾ ಆದಂತೆ ಕಂಡರೆ ಅದು ಟಿಎನ್ ಎಂಬ ಹಳೆಯ ಬಗೆಯ ಪರದೆ. ಬೇಡ. ಹಾಗೆ ಆಗದಿದ್ದರೆ ತಗೊಳ್ಳಿ.

ಎರಡನೇ 8 ಜಿಬಿ ಕಡ್ಡಿಯನ್ನು ಮುಂದೆ ನೋಡೋಣ ಎಂದು ಬಿಡಬೇಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ. ನಿಮ್ಮ ಬಜೆಟ್‌ನಲ್ಲಿ ಉಳಿಯುವ ದುಡ್ಡು ಅದಕ್ಕೇ ಇರಲಿ. ಡಿಡಿಆರ್4 ಜಾತಿ, 3200 ವೇಗ, ಲ್ಯಾಪ್‌ಟಾಪಿನದ್ದು ಎಂದೇ ಕೇಳಿ. ಡಿಡಿಆರ್5 ಕಡ್ಡಿ ಆ ಸ್ಲಾಟಿಗೆ ಕೂರುವುದೇ ಇಲ್ಲ. ಅಂಗಡಿಯವರ ಕೈಲೇ ಹಾಕಿಸಿ, ಅದನ್ನೂ ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿ. ಮುಂದೆ ವಾರಂಟಿ ವಿಷಯ ಬಂದಾಗ ಮುಚ್ಚಳ ಯಾರು ಬಿಚ್ಚಿದರು ಎಂಬ ಮಾತು ಏಳಬಾರದು.

ಸಾಗರದ ಟೀಚರ್

ಐ5 ತಗೊಂಡೆವು. ವಾಲಿಸಿ ನೋಡಿದೆವು, ಬಣ್ಣ ಉಲ್ಟಾ ಆಗಲಿಲ್ಲ. ರ‍್ಯಾಮ್ ಕಡ್ಡಿ ಅವರ ಹತ್ತಿರ ಇರಲಿಲ್ಲ, ಒಂದು ವಾರದಲ್ಲಿ ತರಿಸಿಕೊಡುತ್ತಾರಂತೆ.

ಆದರೆ ಮನೆಗೆ ಬಂದ ಮೇಲೆ ಎರಡು ಅನುಮಾನ. ಬಾಕ್ಸ್ ಮೇಲೆ 512 ಜಿಬಿ ಇದೆ, ಒಳಗೆ ಎಲ್ಲ ಸೇರಿಸಿದರೂ 476 ಬರುತ್ತದೆ. ಎರಡನೆಯದು ಇನ್ನೂ ಭಯ. ಕೀಬೋರ್ಡ್ ಪಕ್ಕದ ಸ್ಟಿಕ್ಕರಿನಲ್ಲಿ 'ಐರಿಸ್ ಎಕ್ಸ್‌ಇ' ಗ್ರಾಫಿಕ್ಸ್ ಎಂದಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ 'ಯುಎಚ್‌ಡಿ ಗ್ರಾಫಿಕ್ಸ್' ಎಂದು ತೋರಿಸುತ್ತಿದೆ. ಬೇರೆ ಮಾಲು ಕೊಟ್ಟರಾ? ವಾಪಸ್ ಕೊಡಬೇಕಾ? ರಾತ್ರಿ ನಿದ್ದೆ ಬಂದಿಲ್ಲ.

ರಿಪೇರಿ ಬೆಂಚು, ಶಿವಮೊಗ್ಗ

ವಾಪಸ್ ಬೇಡ ಮೇಡಂ, ಯಾರೂ ಮೋಸ ಮಾಡಿಲ್ಲ. ನಿಶ್ಚಿಂತೆಯಿಂದ ಇರಿ.

ಎಸ್‌ಎಸ್‌ಡಿ ಮಾಡುವವರು 100 ಕೋಟಿ ಬೈಟ್‌ಗೆ ಒಂದು ಜಿಬಿ ಎನ್ನುತ್ತಾರೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ ಬಂದದ್ದನ್ನು ಒಂದು ಜಿಬಿ ಎನ್ನುತ್ತದೆ. ಅಳತೆ ಬೇರೆ, ಮಾಲು ಅದೇ. ಎಲ್ಲ 512ರಲ್ಲೂ 476ರ ಆಸುಪಾಸೇ ತೋರಿಸುತ್ತದೆ.

ಗ್ರಾಫಿಕ್ಸ್ ಹೆಸರಿಗೆ ಕಾರಣ ಆ ಒಂಟಿ ಕಡ್ಡಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ನಿಮ್ಮ ರ‍್ಯಾಮ್‌ನಿಂದಲೇ ಎಳೆದುಕೊಳ್ಳುತ್ತದೆ. ಒಂದೇ ಕಡ್ಡಿ ಇದ್ದರೆ ಒಂದೇ ದಾರಿ. ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ಒಟ್ಟಿಗೆ ಬರುತ್ತದೆ. ಇದಕ್ಕೇ ಡ್ಯುಯಲ್ ಚಾನೆಲ್ ಅನ್ನುವುದು. ಎರಡು ದಾರಿ ಇದ್ದಾಗ ಮಾತ್ರ ಐರಿಸ್ ಎಕ್ಸ್‌ಇ ಎಂಬ ಹೆಸರು ಬರುತ್ತದೆ, ಇಲ್ಲದಿದ್ದರೆ ಅದೇ ಚಿಪ್ ಯುಎಚ್‌ಡಿ ಎಂದು ಕಾಣಿಸುತ್ತದೆ. ಡ್ರೈವರ್ ಬದಲಾಯಿಸಲು ಹೋಗಬೇಡಿ. ಕಡ್ಡಿ ಬರಲಿ.

ಸಾಗರದ ಟೀಚರ್

ಇವತ್ತು ಕಡ್ಡಿ ಬಂತು. ನಮ್ಮ ಎದುರಿಗೇ ಹಾಕಿದರು. ಕಡ್ಡಿಯನ್ನು ಓರೆಯಾಗಿ ಸಿಕ್ಕಿಸಿ ಕೆಳಗೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ ಟಕ್ ಎಂದಿತು. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇತ್ತು, ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಆಮೇಲೆ ಬಂತು. 16 ಜಿಬಿ, ಎರಡೂ ಸ್ಲಾಟ್ ಭರ್ತಿ. ಡಿವೈಸ್ ಮ್ಯಾನೇಜರ್ ತೆರೆದರೆ ಈಗ 'ಐರಿಸ್ ಎಕ್ಸ್‌ಇ' ಎಂದೇ ಇದೆ. ಬಿಲ್ಲಿನಲ್ಲೂ ಬರೆಸಿದ್ದೇನೆ. ಎಲ್ಲ ಸೇರಿ ನಾನು ಹೇಳಿದ್ದ ಮಿತಿಯೊಳಗೇ ಮುಗಿಯಿತು.

ಅಣ್ಣನ ಮಗ ಫೋನಿಗೆ ಕೇಬಲ್ ಹಾಕಿ ಆ್ಯಪ್ ಓಡಿಸುತ್ತಿದ್ದಾನೆ. ಬಾಣ ಈಗ ನಿಲ್ಲುತ್ತಿಲ್ಲವಂತೆ, ನಿಮಗೆ ಹೇಳು ಎಂದ. ಎಲ್ಲರಿಗೂ ಮನಸಾರೆ ಧನ್ಯವಾದ. ಗುರುವಾರ ಮೈಸೂರಿಗೆ ಹೊರಡುತ್ತಿದ್ದೇವೆ.