ಅಪ್‌ಡೇಟ್: ಮೈಸೂರಿನ ಹಾಡು ಕಟ್ಟೋ ಸಂಜೆ ಕೊನೆಗೂ ಆಯ್ತು

ನಮ್ಮೂರಲ್ಲಿ ಹಾಡು ಬರೆಯುವ 6 ಜನರನ್ನು ಸೇರಿಸಿ ಆಟದಂಥ ಶೋ ಮಾಡೋದು ಹೇಗೆ ಅಂತ ಕೇಳಿದ್ದೆನಲ್ಲ, ಮೊನ್ನೆ ಭಾನುವಾರ ಮಾಡಿಯೇ ಬಿಟ್ಟೆವು.

ಚೀಟಿ ಐಡಿಯಾ ಕೊಟ್ಟವರಿಗೆ ದೊಡ್ಡ ನಮಸ್ಕಾರ. ಸಭಿಕರು ಚೀಟಿಯಲ್ಲಿ ತೋಚಿದ ಪದ ಬರೆದು ಸ್ಟೀಲ್ ಡಬ್ಬಿಗೆ ಹಾಕಿದರು, ಎತ್ತಿದ ಚೀಟಿಯ ಮೇಲೆ ಹಾಡು ಕಟ್ಟೋದು. ಮೊದಲ ಚೀಟಿಯಲ್ಲೇ ‘ಕುಕ್ಕರ್ ವಿಷಲ್’! ಮೂವರು ಪಲ್ಲವಿ, ಮೂವರು ಚರಣ, 20 ನಿಮಿಷ. ವಿಷಲ್ ಮಾತ್ರ ಸಭಿಕರದ್ದು.

ಸ್ಪರ್ಧೆ ಇಡಿ ಅನ್ನೋ ಸಲಹೆ ಕೈಕೊಟ್ಟಿತು. ರಿಹರ್ಸಲ್‌ನಲ್ಲೇ ಎಲ್ಲರೂ ಸಾಲು ಬಚ್ಚಿಟ್ಟುಕೊಂಡು ಕೂತರು. ಕೈಬಿಟ್ಟೆವು.

ಅಚ್ಚರಿ ಅಂದ್ರೆ ಭಾಮಿನಿ ಷಟ್ಪದಿ, ಅದೇ ಆರು ಸಾಲಿನ ಹಳೇ ಛಂದಸ್ಸು, ನಮ್ಮ ಕೈಹಿಡಿಯಿತು. ಗಿಟಾರ್ ಹುಡುಗನಿಗೂ ಯಕ್ಷಗಾನದ ಪದ ಕಟ್ಟುವವರಿಗೂ ತಾಳ ಕೂಡ್ತಾನೇ ಇರಲಿಲ್ಲ. ಅದರ 3-4-3-4 ಮಾತ್ರೆ (ಉಚ್ಚಾರದ ಎಣಿಕೆ) ಹಿಡಿದದ್ದೇ ತಡ, 3+4 ಸೇರಿ 7ರ ನಡೆಯ ಮಿಶ್ರಛಾಪು ತಾಳ ಸಲೀಸಾಗಿ ಕೂತಿತು. ನೀವೂ ತಾಳದ ನಡೆಯನ್ನು ಮೊದಲೇ ಒಪ್ಪಿಕೊಳ್ಳಿ. ಹಾಂ, 2 ಮೈಕ್ ಸಾಲಲ್ಲ.