ಪಲ್ಪ್ ಹಾಡುಗಳಲ್ಲಿ ನಗು ಎಲ್ಲಿದೆ?

ಕುಶಾಲನಗರದ ಕಿವಿ
ಇಂಗ್ಲೆಂಡಿನ ಶೆಫೀಲ್ಡ್‌ನ ಪಲ್ಪ್ ಬ್ಯಾಂಡಿನ ‘ಕಾಮನ್ ಪೀಪಲ್’ (ಸಾಮಾನ್ಯ ಜನ) ಹಾಡು ನಾಲ್ಕೈದು ಸಲ ಕೇಳಿದ್ದಾಯ್ತು. ಕುಣಿಸುತ್ತೆ, ಸರಿ. ಎಲ್ಲರೂ ಹೇಳೋ ಆ ವ್ಯಂಗ್ಯ ಎಲ್ಲಿ? ಗಾಯಕ ಜಾರ್ವಿಸ್ ಕಾಕರ್ ಪಿಸುಗುಟ್ಟೋ ಕಡೆ ಒಂದಕ್ಷರ ತಿಳಿಯಲ್ಲ. ಫೋನ್ ಸ್ಪೀಕರಿನಲ್ಲಿ ಕೇಳ್ತಿರೋದು, 4 ನಿಮಿಷದ ಹಾಡು.

ಮಂಜು ಮಡಿಕೇರಿ
4 ನಿಮಿಷದ್ದು ರೇಡಿಯೋಗೆ ಕತ್ತರಿಸಿದ್ದು, ಅದನ್ನ ಬಿಡಿ. 1995ರ ‘ಡಿಫರೆಂಟ್ ಕ್ಲಾಸ್’ ಆಲ್ಬಂನಲ್ಲಿರೋದು ಸುಮಾರು 6 ನಿಮಿಷ. ಮೂಲೆಯಲ್ಲಿ ಮಲಗಿದ ನಾಯಿ ಕಚ್ಚೋ ಭಾಗ ಅದರಲ್ಲೇ ಇರೋದು. ಅದು ಹೋದ್ರೆ ಹಾಡಿಗೆ ಹಲ್ಲೇ ಇಲ್ಲ.

ಇನ್ನು ಸ್ಪೀಕರ್. ಈ ಮಳೆಯಲ್ಲಿ ಶೀಟ್ ಮಾಡಿನ ಕೆಳಗೆ ಮೊದಲು ಮುಳುಗೋದೇ ಪಿಸುಮಾತು, ಡ್ರಮ್ ಮಾತ್ರ ಉಳಿಯುತ್ತೆ. ಇಯರ್‌ಫೋನ್ ಹಾಕಿ, ಬಾಸ್ ಬೂಸ್ಟ್ ತೆಗೀರಿ. ಕರೆಂಟ್ ಹೋದ್ರೆ ಟವರೂ ಹೋಗುತ್ತೆ, ಮೊದಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ.

ಸಿದ್ದಾಪುರ ರೋಡ್
ಕಥೆ ಹಿಡಿದ್ರೆ ನಗು ತಾನಾಗೇ ಬರುತ್ತೆ. ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಾಲೇಜಿನಲ್ಲಿ ಶಿಲ್ಪಕಲೆ ಓದೋ ಗ್ರೀಸ್ ಹುಡುಗಿ, ಅಪ್ಪ ಭಾರೀ ಕುಳ ಅಂತಾಳೆ. ಹಾಡಿನ ಹುಡುಗ ತಕ್ಷಣ, ಹಾಗಾದ್ರೆ ನನಗೆ ರಮ್ಮು-ಕೋಕ್ ಅಂತಾನೆ! ಸಾಮಾನ್ಯರ ಥರ ಬದುಕಬೇಕು ಅಂದವಳನ್ನ ಸೀದಾ ಸೂಪರ್‌ಮಾರ್ಕೆಟ್‌ಗೆ ಕರ್ಕೊಂಡು ಹೋಗ್ತಾನೆ.

ಹೋಂಸ್ಟೇಗೆ ಬಂದವರು ‘ಒಂದು ರಾತ್ರಿ ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಮಲಗಿ ನೋಡ್ಬೇಕು’ ಅಂದ ಹಾಗೆ ಅಂದ್ಕೊಳ್ಳಿ. ಗೋಡೆ ಮೇಲೆ ಜಿರಳೆ ಹತ್ತಿದ್ರೆ ಹಾಡಿನ ಹುಡುಗಿ ಅಪ್ಪನಿಗೊಂದು ಫೋನ್ ಮಾಡಿದ್ರೆ ಮುಗೀತು. ಲೈನ್‌ನವರು ಯಾರಿಗೆ ಮಾಡ್ತಾರೆ?

ಕೀಬೋರ್ಡ್ ಇದ್ರೆ ಕೂತು ನುಡಿಸಿ: ಸಿ, ಜಿ, ಎಫ್, ಮೂರೇ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು). ಕಾರ್ಡ್ ಹೆಚ್ಚಲ್ಲ, ವೇಗ ಏರುತ್ತೆ, ದನಿ ಏರುತ್ತೆ. ಕೊನೆಗೆ ಅವನು ಕಿರುಚೋದು ಸಿಟ್ಟಿನಿಂದ. ಟಿಕ್‌ಟಿಕ್ ಅಂತ ತಾಳ ಹಿಡಿಯೋ ಮೆಟ್ರೊನೋಮ್‌ನ ಒಂದೇ ವೇಗಕ್ಕೆ ಕಟ್ಟಿಹಾಕಿ ನುಡಿಸಿದ್ರೆ ಹಾಡು ಸತ್ತೇ ಹೋಗುತ್ತೆ.

ವಿರಾಜಪೇಟೆ ಕ್ಯಾಸೆಟ್
ಲಿರಿಕ್ಸ್ ನೋಡ್ಕೊಂಡು ಕೇಳಬೇಡಿ. ಹಾಡು ಕೇಳುವಾಗ ಸಾಹಿತ್ಯ ಓದಬೇಡಿ ಅಂತ ಆಲ್ಬಂ ಪುಸ್ತಿಕೆಯಲ್ಲೇ ಅಚ್ಚು ಹಾಕಿದ್ದಾರೆ. ಕಣ್ಣು ಮುಂದಿನ ಸಾಲಿಗೆ ಓಡಿದ್ರೆ ಜೋಕ್ ಮೊದಲೇ ಒಡೆದುಹೋಗುತ್ತೆ. ಒಂದ್ಸಲ ಓದಿ, ಮುಚ್ಚಿಟ್ಟು, ಆಮೇಲೆ ಕೇಳಿ.

ಮುಂದಿನದು ಅದೇ ಆಲ್ಬಂನ ‘ಡಿಸ್ಕೋ 2000’: ಬಾಲ್ಯದ ಗೆಳತಿಯನ್ನ ನೆನೆದು ನೆನೆದು, ಕೊನೆಗೆ ‘ಮಗೂನೂ ಕರ್ಕೊಂಡು ಬಾ’ ಅಂತಾನೆ, ಪಾಪ. 1998ರ ‘ದಿಸ್ ಈಸ್ ಹಾರ್ಡ್‌ಕೋರ್’ ಈಗ್ಲೇ ಮುಟ್ಟಬೇಡಿ, ಅದು ಕತ್ತಲೆಯದ್ದು.

ಕುಶಾಲನಗರದ ಕಿವಿ
6 ನಿಮಿಷದ್ದು ಇಳಿಸ್ಕೊಂಡೆ. ರಮ್ಮು-ಕೋಕ್ ಸಿಕ್ತು!