ಪರಂಗಿ ಬೀಜ ಮನೆಯಲ್ಲೇ ಮಾಡಿಕೊಳ್ಳುವವರು ಗಂಡು ಗಿಡ ಬರದ ಹಾಗೆ ಏನು ಮಾಡುತ್ತೀರಿ?

ತುಮಕೂರಿನಿಂದ, ಪ್ರಶ್ನೆ:

ಪಕ್ಕದ ಮನೆ ಹಿತ್ತಲಲ್ಲಿ ಒಂದು ಹಳೇ ಪರಂಗಿ ಮರ ಇದೆ. ಗುಂಡು ಹಣ್ಣು, ಹಳದಿ ತಿರುಳು, ಸಿಹಿ ಅಂದ್ರೆ ಸಿಹಿ. ಅದರ ಬೀಜ ತಂದು ಸಸಿ ಮಾಡಿದೆವು. ಹೂ ಬಿಟ್ಟಾಗ ನೋಡಿದರೆ ಅರ್ಧಕ್ಕೆ ಅರ್ಧ ಗಂಡು. ನಮ್ಮದು ಸಣ್ಣ ಸೈಟು, ಹಣ್ಣು ಬಿಡದ ಗಿಡಕ್ಕೆ ಜಾಗ ಎಲ್ಲಿಂದ ತರೋದು? ನರ್ಸರಿಯಿಂದ ತಂದ ಒಂದು ರೆಡ್ ಲೇಡಿ ಗಿಡವೂ ಇದೆ. ಅದರ ಹಣ್ಣು ಉದ್ದ, ತಿರುಳು ಕೆಂಪು, ರುಚಿ ಮಾತ್ರ ಅಷ್ಟಕ್ಕಷ್ಟೇ. ಪಕ್ಕದ ಮನೆ ಹಣ್ಣಿನ ರುಚಿ ಇರಬೇಕು, ಗಂಡು ಬರಬಾರದು, ಅಂಥ ಬೀಜ ಮನೆಯಲ್ಲೇ ಮಾಡಿಕೊಳ್ಳೋಕೆ ಆಗುತ್ತಾ? ಮಾಡಿದವರು ಇದ್ದರೆ ಹೇಳಿ.

ಹಾಸನದಿಂದ:

ಆಗುತ್ತದೆ. ನೀವು ಬದಲಾಯಿಸಬೇಕಾದ್ದು ತಾಯಿ ಮರವನ್ನಲ್ಲ, ತಂದೆಯನ್ನು.

ಪರಂಗಿಯಲ್ಲಿ ಗಿಡ ಮೂರು ತರ. ಗಂಡು, ಹೆಣ್ಣು, ಮತ್ತೆ ಒಂದೇ ಹೂವಿನಲ್ಲಿ ಎರಡೂ ಇರುವ ದ್ವಿಲಿಂಗಿ. ಪಕ್ಕದ ಮನೆಯದು ಗುಂಡು ಹಣ್ಣು ಅಂದ ಮೇಲೆ ಅದು ಹೆಣ್ಣು ಮರ ಅಂತ ಇಟ್ಟುಕೊಳ್ಳಿ. ಆ ಬೀದಿಯಲ್ಲೇ ಎಲ್ಲೋ ಒಂದು ಗಂಡು ಮರ ಇದೆ, ಗಾಳಿಯೋ ಸಂಜೆ ಹೊತ್ತಿನ ಪತಂಗವೋ ಅದರ ಪರಾಗ ತಂದು ಇಲ್ಲಿ ಹಾಕುತ್ತಿದೆ. ಹೆಣ್ಣಿಗೆ ಗಂಡಿನ ಪರಾಗ ಬಿದ್ದರೆ ಸಸಿಗಳು ಅರ್ಧ ಗಂಡು, ಅರ್ಧ ಹೆಣ್ಣು. ನಿಮಗೆ ಆಗಿದ್ದು ಅದೇ. ಅದೇ ಹೆಣ್ಣು ಹೂವಿಗೆ ದ್ವಿಲಿಂಗಿ ಗಿಡದ ಪರಾಗ ಹಾಕಿದರೆ ಅರ್ಧ ಹೆಣ್ಣು, ಅರ್ಧ ದ್ವಿಲಿಂಗಿ. ಗಂಡು ಒಂದೂ ಇಲ್ಲ. ಇನ್ನು ದ್ವಿಲಿಂಗಿ ಹೂವಿಗೆ ಅದರದ್ದೇ ಪರಾಗ ಬಿದ್ದರೆ ಎರಡು ಪಾಲು ದ್ವಿಲಿಂಗಿ, ಒಂದು ಪಾಲು ಹೆಣ್ಣು. ಇದು ನನ್ನ ಲೆಕ್ಕ ಅಲ್ಲ ಮತ್ತೆ. ಹವಾಯಿಯಲ್ಲಿ ಸ್ಟೋರಿ, ದಕ್ಷಿಣ ಆಫ್ರಿಕಾದಲ್ಲಿ ಹಾಫ್‌ಮೇಯರ್ ಅಂತ ಇಬ್ಬರು ವಿಜ್ಞಾನಿಗಳು 1938ರಲ್ಲಿ ಬೇರೆ ಬೇರೆಯಾಗಿ ಇದನ್ನು ಬಿಡಿಸಿಟ್ಟರು.

ನಿಮ್ಮ ರೆಡ್ ಲೇಡಿ ಉದ್ದ ಹಣ್ಣು ಬಿಡುತ್ತಿದೆ ಅಂದರೆ ಅದು ದ್ವಿಲಿಂಗಿ ಗಿಡ. ತಂದೆ ಮನೆಯಲ್ಲೇ ಸಿಕ್ಕ ಹಾಗಾಯಿತು.

ಆದರೂ ಹಣ್ಣಿನ ಆಕಾರ ನಂಬಿಕೊಂಡು ಕೂರಬೇಡಿ, ಹೂ ನೋಡಿ. ಹೆಣ್ಣು ಹೂವು ದಪ್ಪ, ಕಾಂಡಕ್ಕೆ ಅಂಟಿಕೊಂಡ ಹಾಗೆ ಗಿಡ್ಡ ತೊಟ್ಟಿನ ಮೇಲೆ ಕೂತಿರುತ್ತದೆ. ಐದು ಎಸಳೂ ಬುಡದವರೆಗೆ ಬಿಡಿ ಬಿಡಿ. ಎಸಳು ಸರಿಸಿದರೆ ಒಳಗೆ ಗುಂಡಗಿನ ಪುಟ್ಟ ಕಾಯಿ, ಅದರ ನೆತ್ತಿಯ ಮೇಲೆ ಐದು ಕವಲಿನ ಬಿಳಿ ಕುಚ್ಚು, ಹಳದಿ ಪುಡಿ ಎಲ್ಲೂ ಕಾಣಲ್ಲ. ದ್ವಿಲಿಂಗಿ ಹೂವು ಸ್ವಲ್ಪ ತೆಳು. ಎಸಳುಗಳು ಕೆಳಗಡೆ ಕೂಡಿಕೊಂಡು ಕೊಳವೆ ಆಗಿರುತ್ತವೆ. ಅದನ್ನು ಉದ್ದಕ್ಕೆ ಸೀಳಿ ನೋಡಿ, ನಡುವೆ ಉದ್ದನೆಯ ಕಾಯಿ, ಸುತ್ತ ಹತ್ತು ಹಳದಿ ಪರಾಗದ ಚೀಲ. ಗಂಡು ಗಿಡದ್ದು ಯಾರಿಗಾದರೂ ಗೊತ್ತಾಗುತ್ತದೆ. ಮೊಳಕೈಯುದ್ದ ಕುಚ್ಚು ಇಳಿಬಿದ್ದಿರುತ್ತದೆ, ಅದರ ತುಂಬ ಸಣ್ಣ ಸಣ್ಣ ಹೂ.

ಈಗ ಕೆಲಸ. ಪಕ್ಕದ ಮನೆಯವರ ಹತ್ತಿರ ಮೊದಲೇ ಹೇಳಿಡಿ, ಮರದ ಮೇಲೆ ಚೀಲ ಕಟ್ಟಿದ್ದು ನೋಡಿ ಮಾಟ ಮಂತ್ರ ಅಂದುಕೊಂಡಾರು. ಹೆಣ್ಣು ಮೊಗ್ಗು ದಪ್ಪಗಾಗಿ ಹಸಿರು ಬಣ್ಣ ಬಿಟ್ಟು ಕೆನೆಬಿಳುಪಿಗೆ ತಿರುಗಿದರೆ ನಾಳೆ ನಾಡಿದ್ದು ಅರಳುತ್ತದೆ ಅಂತ. ಆಗಲೇ ಬಟರ್ ಪೇಪರ್ ಚೀಲ ಹಾಕಿ ಬಾಯಿ ಕಟ್ಟಿ. ಅರಳಿದ ಮೇಲೆ ಕಟ್ಟಿದರೆ ದಂಡ, ಅಷ್ಟೊತ್ತಿಗೆ ಪತಂಗ ಬಂದು ಹೋಗಿರುತ್ತದೆ. ಅರಳಿದ ಬೆಳಿಗ್ಗೆ ರೆಡ್ ಲೇಡಿಯಿಂದ ಇನ್ನೇನು ಬಿಚ್ಚಬೇಕು ಅನ್ನುವ ಮೊಗ್ಗು ಕಿತ್ತು ಎಸಳು ಸುಲಿದು ಹಾಕಿ. ಚೀಲ ತೆಗೆದು ಹಳದಿ ಪರಾಗವನ್ನು ಆ ಬಿಳಿ ಕುಚ್ಚಿನ ಮೇಲೆ ಮೆಲ್ಲಗೆ ಸವರಿ, ಬ್ರಶ್ಶು ಗಿಶ್ಶು ಏನೂ ಬೇಡ. ತಿರುಗಿ ಚೀಲ ಕಟ್ಟಿ. ತಾಯಿ ಹೂವು ಹೆಣ್ಣೇ ಆದ್ದರಿಂದ ಅದರ ಪರಾಗ ಕತ್ತರಿಸಿ ತೆಗೆಯುವ ಕಷ್ಟ ಇಲ್ಲ, ಬದನೆ ಟೊಮೆಟೊ ಕ್ರಾಸ್ ಮಾಡಿದವರಿಗೆ ಗೊತ್ತು ಅದೆಷ್ಟು ನಾಜೂಕಿನ ಕೆಲಸ ಅಂತ. ಒಂದು ವಾರಕ್ಕೆ ಎಸಳು ಉದುರಿ ಕಾಯಿ ಊದಲು ಶುರು ಮಾಡಿದರೆ ಹಿಡಿದಿದೆ ಅಂತ ಅರ್ಥ. ಚೀಲ ಬಿಚ್ಚಿ ತೊಟ್ಟಿಗೆ ಬಣ್ಣದ ದಾರ ಕಟ್ಟಿಡಿ. ಹಣ್ಣಾಗಲು ನಾಲ್ಕೂವರೆಯಿಂದ ಐದು ತಿಂಗಳು ಬೇಕು, ದಾರ ಇಲ್ಲದಿದ್ದರೆ ಯಾವ ಕಾಯಿ ಅಂತ ದೇವರಿಗೂ ಗೊತ್ತಾಗಲ್ಲ.

ಒಂದೆರಡು ಹೂ ಉದುರಿ ಹೋಗುತ್ತವೆ, ನಾಲ್ಕೈದಕ್ಕೆ ಕಟ್ಟಿ. ಒಂದು ಕಾಯಿ ನಿಂತರೂ ನೂರಾರು ಬೀಜ, ಸೈಟಿಗೆ ಬೇಕಾಗಿದ್ದಕ್ಕಿಂತ ಜಾಸ್ತಿನೇ.

ರುಚಿ ವಿಷಯಕ್ಕೆ ಬರೋಣ. ಇಲ್ಲಿ ಆಸೆ ಸ್ವಲ್ಪ ಹಿಡಿತದಲ್ಲಿರಲಿ. ರೆಡ್ ಲೇಡಿ ತೈವಾನಿನ ಎಫ್1 ಹೈಬ್ರಿಡ್, ಅಂದರೆ ಎರಡು ಬೇರೆ ತಳಿ ಕೂಡಿಸಿದ ಮೊದಲ ತಲೆಮಾರು, ಅದರ ಪರಾಗದಲ್ಲಿ ಕಣದಿಂದ ಕಣಕ್ಕೆ ಗುಣ ಬೇರೆ. ಹಾಗಾಗಿ ಮಕ್ಕಳೆಲ್ಲ ಒಂದೇ ತರ ಇರಲ್ಲ. ತಿರುಳಿನ ಬಣ್ಣದಲ್ಲಿ ಹಳದಿಯದ್ದೇ ಮೇಲುಗೈ. ಮೊದಲ ತಲೆಮಾರಿನಲ್ಲಿ ಹಳದಿಯೇ ಜಾಸ್ತಿ ಬರುತ್ತದೆ, ಪಕ್ಕದ ಮನೆ ಮರದೊಳಗೆ ಕೆಂಪು ಅಡಗಿದ್ದರೆ ಮಾತ್ರ ಕೆಲವು ಕೆಂಪು. ಸಸಿಗಳಲ್ಲಿ ಹಣ್ಣು ತಿಂದು ನೋಡಿ ರುಚಿ ಹಿಡಿಸಿದ ಒಂದು ದ್ವಿಲಿಂಗಿ ಗಿಡ ಆರಿಸಿಕೊಳ್ಳಿ. ಮುಂದಿನ ಸಲ ಅದರ ಮೊಗ್ಗಿಗೆ ಸುಮ್ನೆ ಚೀಲ ಕಟ್ಟಿ ಬಿಟ್ಟರೆ ಸಾಕು. ಹೂ ಬಿಚ್ಚುವ ಹೊತ್ತಿಗೆ ಒಳಗೊಳಗೇ ಪರಾಗ ಉದುರಿ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ. ಹೀಗೆ ಐದಾರು ತಲೆಮಾರು ಆರಿಸುತ್ತಾ ಹೋದರೆ ಗುಣ ನಿಲ್ಲುತ್ತದೆ. ಪರಂಗಿಯ ಒಳ್ಳೇ ಗುಣ ಏನಂದರೆ ಸ್ವಂತ ಪರಾಗದಿಂದ ತಲೆಮಾರುಗಟ್ಟಲೆ ಬೀಜ ಮಾಡಿದರೂ ಗಿಡ ಅಷ್ಟೇನೂ ಸೊರಗುವುದಿಲ್ಲ. ಹವಾಯಿಯ ಸೋಲೊ ತಳಿಯನ್ನು ಉಳಿಸಿಕೊಂಡು ಬಂದಿದ್ದೇ ಹೀಗೆ.

ಬಳ್ಳಾರಿಯಿಂದ:

ಮೇಲಿನವರು ಹಾಸನದ ತಂಪಿನಲ್ಲಿ ಕೂತು ಹೇಳುತ್ತಿದ್ದಾರೆ, ನಮ್ಮ ಬಿಸಿಲಿಗೆ ಒಂದು ಮಾತು ಸೇರಿಸಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ ದ್ವಿಲಿಂಗಿ ಗಿಡ ಗಂಡಿನ ಹಾಗೆ ಆಡುತ್ತದೆ. ಹೂವಿನ ಒಳಗಿನ ಕಾಯಿ ಕಡ್ಡಿಯಷ್ಟು ಸಣ್ಣಗಾಗಿ ಉದುರಿ ಹೋಗುತ್ತದೆ. ನೀರು ಕಡಿಮೆಯಾದರಂತೂ ಕೇಳಲೇಬೇಡಿ. ಕಾಂಡದಲ್ಲಿ ಕೆಳಗೆ ಕಾಯಿ, ಮೇಲೆ ಕಾಯಿ, ನಡುವೆ ಒಂದಡಿ ಬೋಳು, ಆ ಬೋಳು ಕಂಡರೆ ಅದು ಬೇಸಿಗೆ ಅಂತ ತಿಳಿಯಿರಿ. ನಮ್ಮ ಪಕ್ಕದ ಹೊಲದವರು ಇದು ಗಂಡಾಯಿತು ಅಂತ ಕಡಿದೇ ಹಾಕಿದರು. ಕಡಿಯಬೇಡಿ, ಮಳೆ ಬಿದ್ದು ತಂಪಾದರೆ ತಿರುಗಿ ಕಾಯಿ ಕಟ್ಟುತ್ತದೆ. ಹೆಣ್ಣು ಗಿಡಕ್ಕೆ ಈ ಆಟ ಇಲ್ಲ, ಬಿಸಿಲು ಚಳಿ ಎರಡಕ್ಕೂ ಜಗ್ಗಲ್ಲ.

ಹಾಸನದಿಂದ ಮತ್ತೆ:

ಹೌದು, ನಮ್ಮಲ್ಲಿ ಇದರ ಉಲ್ಟಾ. ಚಳಿ ಜಾಸ್ತಿಯಾಗಿ ನೆಲ ಒದ್ದೆ ಇದ್ದರೆ ಪರಾಗದ ಕಡ್ಡಿಗಳು ಕಾಯಿಗೆ ಅಂಟಿಕೊಂಡು ಬೆಳೆದು ಸೊಟ್ಟ ಸೊಟ್ಟ, ಮಡಿಕೆ ಬಿದ್ದ ಹಣ್ಣು ಬರುತ್ತದೆ. ತಿನ್ನಲು ಏನೂ ತೊಂದರೆ ಇಲ್ಲ. ಪದೇ ಪದೇ ಹಾಗೆ ಬಿಡುವ ಗಿಡವನ್ನು ಮಾತ್ರ ಬೀಜಕ್ಕೆ ಇಟ್ಟುಕೊಳ್ಳಬೇಡಿ, ಆ ಚಾಳಿ ಮಕ್ಕಳಿಗೂ ಬರುತ್ತದೆ.

ಪುತ್ತೂರಿನಿಂದ:

ಬೀಜ ತೆಗೆಯುವ ಬಗ್ಗೆ ಯಾರೂ ಬರೆಯಲಿಲ್ಲ, ಅರ್ಧ ಜನ ಸೋಲುವುದು ಅಲ್ಲೇ. ಹಣ್ಣು ಮರದಲ್ಲೇ ಮುಕ್ಕಾಲು ಹಳದಿ ಆಗಲಿ, ಆಮೇಲೆ ಕೊಯ್ದು ಮನೆಯೊಳಗೆ ಪೂರ್ತಿ ಹಣ್ಣು ಮಾಡಿ. ಬೀಜದ ಸುತ್ತ ಲೋಳೆಯ ಚೀಲ ಇರುತ್ತದಲ್ವಾ, ಮೊಳಕೆಯನ್ನು ತಡೆಯುವುದು ಅದೇ. ಹಾಗೇ ಒಣಗಿಸಿಟ್ಟು ಆಮೇಲೆ ಹುಟ್ಟಲಿಲ್ಲ ಅಂದರೆ ಬೀಜದ ತಪ್ಪಲ್ಲ. ನಾವು ಬೀಜವನ್ನು ರಾತ್ರಿಯಿಡೀ ನೀರಲ್ಲಿ ಹಾಕಿ, ಬೆಳಿಗ್ಗೆ ಒಲೆ ಬೂದಿ ಸೇರಿಸಿ ಜರಡಿಯಲ್ಲಿ ಉಜ್ಜುತ್ತೇವೆ. ಒಂದೊಂದೇ ಚೀಲ ಪಟ್ ಅಂತ ಒಡೆದು, ಒಳಗಿಂದ ಸುಕ್ಕು ಸುಕ್ಕಾದ ಕರಿ ಬೀಜ ಬರುತ್ತದೆ. ತೊಳೆದು ನೀರಿಗೆ ಹಾಕಿ, ತೇಲಿದ್ದನ್ನೂ ಬಿಳಿ ಇದ್ದದ್ದನ್ನೂ ಚೆಲ್ಲಿ. ಉಳಿದದ್ದನ್ನು ನೆರಳಲ್ಲಿ ಒಣಗಿಸಿ, ಬಿಸಿಲು ಬೇಡ.

ಕೂಡಲೇ ಹಾಕುವುದು ಎಲ್ಲಕ್ಕಿಂತ ಒಳ್ಳೇದು. ಡಬ್ಬದಲ್ಲಿ ತಿಂಗಳುಗಟ್ಟಲೆ ಹೊರಗಿಟ್ಟರೆ ಹುಟ್ಟುವುದು ಇಳಿಯುತ್ತಾ ಬರುತ್ತದೆ. ಇಡಲೇಬೇಕು ಅಂದರೆ ಚೆನ್ನಾಗಿ ಒಣಗಿಸಿ ಗಾಳಿಯಾಡದ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನ ಕೆಳ ಅಂಕಣದಲ್ಲಿಡಿ. ಒಂದು ಸೆಂಟಿಮೀಟರ್ ಆಳಕ್ಕೆ ಊರಿದರೆ ಎರಡು ಮೂರು ವಾರಕ್ಕೆ ಮೊಳಕೆ. ನೀರು ಜಾಸ್ತಿ ಸುರಿದರೆ ಸಸಿಯ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುತ್ತದೆ. ನೆಡುವಾಗಲೂ ದಿಬ್ಬ ಮಾಡಿ ನೆಡಿ, ಬುಡದಲ್ಲಿ ಎರಡು ದಿನ ನೀರು ನಿಂತರೆ ಪರಂಗಿ ಮುಗೀತು. ನಮ್ಮ ಮಳೆಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಮಂಡ್ಯದಿಂದ:

ಇಷ್ಟೆಲ್ಲ ಯಾಕೆ? ನಮ್ಮಜ್ಜಿ ಕರ್ರಗಿನ ಬೀಜ ಗಂಡು, ಕಂದು ಬೀಜ ಹೆಣ್ಣು ಅಂತ ಆರಿಸಿ ಹಾಕೋರು. ಸಸಿಯ ಬೇರು ನೆಟ್ಟಗೆ ಇಳಿದರೆ ಗಂಡು ಅಂತಲೂ ಹೇಳ್ತಾರೆ. ಗಂಡು ಗಿಡದ ತಲೆ ಕಡಿದು ಕಾಂಡಕ್ಕೆ ಮೊಳೆ ಹೊಡೆದರೆ ಹೆಣ್ಣಾಗುತ್ತಂತೆ, ಯಾರಾದರೂ ಮಾಡಿದ್ದೀರಾ?

ಹಾಸನದಿಂದ:

ಮೊಳೆ ಹೊಡೆದವರನ್ನು ನೋಡಿದ್ದೇನೆ, ಮೊಳೆಗೆ ತುಕ್ಕು ಹಿಡಿಯಿತು. ಬೀಜದ ಬಣ್ಣ, ಬೇರು ಎರಡರಲ್ಲೂ ಹೂರಣ ಇಲ್ಲ. ಲ್ಯಾಬಿನಲ್ಲಿ ಡಿಎನ್ಎ ನೋಡಿ ಹೇಳಬಹುದು, ಕಣ್ಣಲ್ಲಿ ನೋಡಿ ಹೂ ಬರುವ ಮುಂಚೆ ಹೇಳೋಕಾಗಲ್ಲ. ಗಂಡು ಗಿಡ ಒಮ್ಮೊಮ್ಮೆ ತಾನಾಗೇ ಉದ್ದ ಕುಚ್ಚಿನ ತುದಿಯಲ್ಲಿ ಒಂದೆರಡು ಕಾಯಿ ಬಿಡುವುದುಂಟು. ಅದೇ ಹೊತ್ತಿಗೆ ಮೊಳೆ ಹೊಡೆದವರಿಗೆ ಹೆಸರು ಬಂದುಬಿಡುತ್ತದೆ.

ಅಜ್ಜಿ ಕಾಲದ ಒಂದು ಪದ್ಧತಿ ಮಾತ್ರ ಲೆಕ್ಕದಲ್ಲೂ ಸರಿ. ಗುಂಡಿಗೆ ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಒಂದು ಉಳಿಸಿ ಎರಡು ಕಿತ್ತು ಹಾಕುವುದು. ಅರ್ಧಕ್ಕರ್ಧ ಗಂಡು ಬರುವ ಬೀಜ ಆದರೂ ಎಂಟು ಗುಂಡಿಯಲ್ಲಿ ಸರಾಸರಿ ಏಳರಲ್ಲಿ ಒಂದಾದರೂ ಹೆಣ್ಣು ಇರುತ್ತದೆ. ಹತ್ತಿಪ್ಪತ್ತು ಹೆಣ್ಣಿಗೆ ಒಂದು ಗಂಡು ಬಿಟ್ಟಿರಿ ಅಷ್ಟೇ, ಪೂರ್ತಿ ಕಿತ್ತರೆ ಹೆಣ್ಣು ಗಿಡದ ಹೂ ಉದುರುತ್ತದೆ, ಇಲ್ಲವೇ ಬೀಜವೇ ಇಲ್ಲದ ಸಣ್ಣ ಹಣ್ಣು ಬಿಡುತ್ತದೆ.

ಬೆಂಗಳೂರಿನಿಂದ:

ತಾರಸಿಯವರಿಗೆ ಒಂದು ಸೂಚನೆ. ಪೂಸಾ ನನ್ಹಾ ಅಂತ ಒಂದು ಗಿಡ್ಡ ತಳಿ ಇದೆ, ವಿಕಿರಣ ಹಾಯಿಸಿ ಮಾಡಿದ್ದು. ಮೊಣಕಾಲಿಗೂ ಕೆಳಗೇ ಕಾಯಿ ಕಟ್ಟುತ್ತದೆ, ಅರ್ಧ ಡ್ರಮ್ಮಿನಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಅದರಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಗಂಡಿಗೆ ಒಂದು ಡ್ರಮ್ಮು ಕೊಡಲು ಮನಸ್ಸಿಲ್ಲದವರು ಬೀದಿಯ ಗಂಡು ಮರದಿಂದ ಹೂ ತಂದು ಸವರಬಹುದು, ಹಣ್ಣಿಗೆ ಅಷ್ಟು ಸಾಕು. ಹಾಗೆ ಮಾಡಿದ ಹಣ್ಣಿನ ಬೀಜ ಮಾತ್ರ ಇಡಬೇಡಿ, ಗಿಡ್ಡ ಗುಣ ಅದರಲ್ಲಿ ಉಳಿಯುತ್ತೆ ಅಂತ ಗ್ಯಾರಂಟಿ ಇಲ್ಲ.

ಮಡಿಕೇರಿಯಿಂದ:

ಕ್ರಾಸ್ ಮಾಡುವ ತಾಳ್ಮೆ ಇಲ್ಲದವರು ಕೂರ್ಗ್ ಹನಿ ಡ್ಯೂ ಬೀಜ ಹುಡುಕಿ. ನಮ್ಮ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲಿ ಆರಿಸಿದ ತಳಿ, ಗಂಡು ಬರಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯ, ಅರ್ಕಾ ಪ್ರಭಾತ್ ಕೂಡ ಹಾಗೆಯೇ. ಇವು ಹೈಬ್ರಿಡ್ ಬೀಜದ ಹಾಗಲ್ಲ, ಚೀಲ ಕಟ್ಟಿ ಬೀಜ ಮಾಡಿದರೆ ಅದೇ ಗುಣ ಬರುತ್ತದೆ, ವರ್ಷ ವರ್ಷ ದುಡ್ಡು ಸುರಿಯಬೇಕಾಗಿಲ್ಲ. ಚೀಲ ಕಟ್ಟದೆ ಸುತ್ತಮುತ್ತ ಗಂಡು ಮರ ಇಟ್ಟುಕೊಂಡು ಬೀಜ ಮಾಡಿದರೆ ಎರಡನೇ ವರ್ಷಕ್ಕೆ ಗಂಡು ಹಾಜರ್. ಆಮೇಲೆ ತಳಿ ಕೆಟ್ಟಿತು ಅಂತ ಬೈಯುವುದು.

ಇನ್ನೊಂದು. ಎಲೆ ಮುರುಟಿ, ಕಾಯಿ ಮೇಲೆ ಉಂಗುರ ಉಂಗುರ ಬಂದಿದ್ದರೆ ಅದು ಉಂಗುರ ಚುಕ್ಕೆ ವೈರಸ್. ಗಿಡದಿಂದ ಗಿಡಕ್ಕೆ ಸಸ್ಯಹೇನು ಅದನ್ನು ಹಬ್ಬಿಸುತ್ತದೆ, ಬೀಜದ ಮೂಲಕ ಬರುವ ರೋಗ ಅಲ್ಲ ಅದು. ಹಾಗಂತ ಸೊರಗಿದ ಮರದ ಬೀಜ ಯಾಕೆ ಬೇಕು, ಬೀದಿಯಲ್ಲಿ ಎಲ್ಲ ಮರಕ್ಕೂ ಬಂದಾಗ ಕೊನೆಗೆ ಬಿದ್ದ ಮರ ಯಾವುದು ನೋಡಿ, ಬೀಜ ಅದರಿಂದ ಮಾಡಿ.

ತುಮಕೂರಿನಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ರೆಡ್ ಲೇಡಿ ಹೂ ಸೀಳಿ ನೋಡಿದೆ, ಹತ್ತು ಹಳದಿ ಚೀಲ ಇದೆ, ದ್ವಿಲಿಂಗಿಯೇ. ಪಕ್ಕದ ಮನೆಯವರೂ ಒಪ್ಪಿದರು, ಬೀಜದಲ್ಲಿ ಪಾಲು ಬೇಕಂತೆ. ಯಾವ ತಿಂಗಳು ಕಟ್ಟಿದರೆ ಒಳ್ಳೇದು? ಬಟರ್ ಪೇಪರ್ ಬದಲು ಪ್ಲಾಸ್ಟಿಕ್ ಕವರ್ ಆಗುತ್ತಾ?

ಹಾಸನದಿಂದ:

ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಕಟ್ಟಿ. ಹಣ್ಣು ಫೆಬ್ರವರಿ ಮಾರ್ಚ್‌ಗೆ ಸಿಗುತ್ತದೆ, ಆಗ ಒಣ ಹವೆ, ಬೀಜ ಒಣಗಿಸೋದು ಸುಲಭ. ಕೂಡಲೇ ಮಣ್ಣು ತುಂಬಿದ ಪ್ಯಾಕೆಟ್ಟಿಗೆ ಬೀಜ ಹಾಕಿದರೆ ಜೂನ್ ಮಳೆ ಹೊತ್ತಿಗೆ ನೆಡುವಷ್ಟು ಸಸಿ ಆಗಿರುತ್ತದೆ. ಪ್ಲಾಸ್ಟಿಕ್ ಬೇಡವೇ ಬೇಡ, ಒಳಗೆ ಬೆವರಿ ಹೂ ಕೊಳೆಯುತ್ತದೆ. ಬಟರ್ ಪೇಪರ್ ಸಿಗದಿದ್ದರೆ ಹಳೇ ಪಂಚೆಯ ತೆಳು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಚೀಲ ಹೊಲಿದುಕೊಳ್ಳಿ. ಕಾಯಿಗೆ ಉಗುರು ತಾಗಿದರೆ ಹಾಲು ಸೋರಿ ಕೈ ತುರಿಸುತ್ತದೆ, ಕಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ.